ಬರಿಗಾಲಿನಲ್ಲಿ ಮಾರಿದ ಬೆಟ್ಟದ ಬೈಕು

ನಾಗಪುರದಲ್ಲಿ ಬೈಕು ಮಾರುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬಂದು, ಅನುಭವದ ಮಾತು ನಾಲ್ಕು ಹೇಳಿ ಎಂದು ಕೇಳುತ್ತಾರೆ. ಇಷ್ಟು ದಿನ ನಾನು ಅವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದೆ. ನಿಜ ಹೇಳಿದರೆ ಮರುದಿನ ಅವರು ಕೆಲಸಕ್ಕೆ ಹೋಗಲಿಕ್ಕಿಲ್ಲ ಎಂಬ ಅಂಜಿಕೆ ಇತ್ತು. ಈಗ ಬರೆಯಲು ಕೂತಿದ್ದೇನೆ. ನಿವೃತ್ತನಾದವನಿಗೆ ಯಾರ ಹಂಗೂ ಇಲ್ಲ. ಜೊತೆಗೆ, ಆ ಹುಡುಗರಲ್ಲಿ ಕನ್ನಡ ಓದಲು ಬರುವವರು ಒಬ್ಬಿಬ್ಬರೇ ಎಂಬುದೂ ನನ್ನ ಧೈರ್ಯಕ್ಕೆ ಕಾರಣ.

ನಮ್ಮ ಅಪ್ಪ ರೈಲ್ವೆಯಲ್ಲಿದ್ದರು. ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಗಿ ಬಂದು, ವಾಪಸು ಹೋಗುತ್ತೇನೆ ಹೋಗುತ್ತೇನೆ ಎನ್ನುತ್ತಲೇ ಇಲ್ಲೇ ನಿವೃತ್ತರಾದರು. ನಮ್ಮ ಅಡ್ಡಹೆಸರು ಕುಲಕರ್ಣಿ. ಹೀಗಾಗಿ ಊರಿನವರೆಲ್ಲ ನನ್ನನ್ನು ಮರಾಠಿಯವನೆಂದೇ ತಿಳಿದರು, ನಾನೂ ತಿದ್ದುವ ಉಸಾಬರಿಗೆ ಹೋಗಲಿಲ್ಲ. ಎದುರಿಗಿದ್ದವರನ್ನು ತಿದ್ದುವುದು ಮಾರಾಟದವನ ಕಸುಬಿಗೆ ಹೇಳಿಸಿದ್ದಲ್ಲ. ನಾಗಪುರದ ಸದರ್ ಬಡಾವಣೆಯ ಒಂದು ಶೋರೂಮಿಗೆ ಮೊಪೆಡ್ ಮಾರಲು ಕರಿಕೂದಲಿನಲ್ಲಿ ಹೊಕ್ಕವನು, ಅದೇ ಬಾಗಿಲಿನಿಂದ ಬಿಳಿಕೂದಲಿನಲ್ಲಿ ಹೊರಗೆ ಬಂದೆ. ನಡುವೆ ಸಿಕ್ಕ ಬಡ್ತಿಗಳ ವಿಷಯ ನನ್ನ ಹೆಂಡತಿಗೂ ನೆನಪಿಲ್ಲ, ಇಲ್ಲಿ ಬೇಡ.

ಮೊಪೆಡ್ ಕಾಲದಲ್ಲಿ ಕೆಲಸ ಸುಲಭವಿತ್ತು. ಗಿರಾಕಿ ಕೇಳುತ್ತಿದ್ದುದು ಒಂದೇ ಪ್ರಶ್ನೆ, ‘ಕಿತ್ನಾ ದೇತೀ ಹೈ?’ ಒಂದು ಲೀಟರಿಗೆ ಎಷ್ಟು ದೂರ ಓಡುತ್ತದೆ ಎಂದು. ನಾವೊಂದು ಅಂಕಿ ಹೇಳುತ್ತಿದ್ದೆವು, ಅವನು ನಂಬದ ಮುಖ ಮಾಡಿ ಗಾಡಿ ಕೊಳ್ಳುತ್ತಿದ್ದ. ಆಮೇಲೆ ಬಂತು ನೋಡಿ, ಡ್ಯುಯಲ್ ಸ್ಪೋರ್ಟ್. ಡಾಂಬರು ರಸ್ತೆಗೂ ಸೈ, ಕಲ್ಲುಮಣ್ಣಿನ ಬೆಟ್ಟದ ದಾರಿಗೂ ಸೈ ಎನ್ನುವ ಬೈಕು. ಎತ್ತರದ ಸೀಟು, ದೊಡ್ಡ ಮುಂದಿನ ಗಾಲಿ, ಅಂಗಿಯ ಗುಂಡಿಯಂತೆ ಉಬ್ಬುಗಳಿರುವ ಟೈರು, ಹೊಟ್ಟೆಯ ಕೆಳಗೆ ಬೆಕ್ಕು ಬಾಲವೆತ್ತಿ ದಾಟುವಷ್ಟು ಜಾಗ. ಶೋರೂಮಿನ ಗೋಡೆಗೆ ಹಿಮದ ಬೆಟ್ಟದ ಭಾರಿ ಚಿತ್ರ ಅಂಟಿಸಿದರು. ನನ್ನ ವಿಸಿಟಿಂಗ್ ಕಾರ್ಡಿನ ಮೇಲೆ ‘ಅಡ್ವೆಂಚರ್ ಅಡ್ವೈಸರ್’ ಎಂದು ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ನಾನು ಹತ್ತಿದ ಅತಿ ಎತ್ತರದ ಜಾಗ ಸೆಮಿನರಿ ಹಿಲ್ಸ್. ನಾಗಪುರದವರಿಗೆ ಗೊತ್ತು, ಅದು ಹೆಸರಿಗಷ್ಟೇ ಗುಡ್ಡ. ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಕೈ ಬೀಸುತ್ತ ಹತ್ತಿ, ಹರಟೆ ಹೊಡೆಯುತ್ತ ಇಳಿಯುವ ಏರು.

‘ಸಾಹೇಬ್, ಆಪ್ ಖುದ್ ಗಯೇ ಹೋ ಪಹಾಡ್ ಮೇ?’ ಎಂದು ಗಿರಾಕಿಗಳು ಕೇಳುತ್ತಿದ್ದರು, ನೀವೇ ಖುದ್ದು ಬೆಟ್ಟಕ್ಕೆ ಹೋಗಿದ್ದೀರಾ ಎಂದು. ನಾನು ಗೋಡೆಯ ಮೇಲಿನ ಹಿಮದ ಕಡೆ ನೋಡಿ, ನಿಟ್ಟುಸಿರು ಬಿಟ್ಟು, ‘ರಸ್ತಾ ಬಹುತ್ ಖರಾಬ್ ಹೈ’ ಎನ್ನುತ್ತಿದ್ದೆ. ರಸ್ತೆ ಬಹಳ ಕೆಟ್ಟದ್ದು ಎಂಬುದು ಭೂಮಿಯ ಮೇಲಿನ ಯಾವ ರಸ್ತೆಗೂ ಒಪ್ಪುವ ಮಾತು. ಈಗಿನ ಹುಡುಗರು ಇದನ್ನು ಕಲಿಯಬೇಕು. ಸುಳ್ಳು ಹೇಳದೆ ಮಾರುವುದಕ್ಕೆ ಸ್ವಲ್ಪ ಹೆಚ್ಚು ಅಭ್ಯಾಸ ಬೇಕಾಗುತ್ತದೆ, ಅಷ್ಟೇ.

ಬೆಟ್ಟದ ಬೈಕು ಕೊಂಡವರಲ್ಲಿ ಬೆಟ್ಟ ಹತ್ತಿದವರು ಕೆಲವೇ ಜನ. ಬುಟಿಬೋರಿಯ ಕಾರ್ಖಾನೆಯ ಶಿಫ್ಟ್ ಇನ್‌ಚಾರ್ಜ್ ಒಬ್ಬರು ಲಡಾಖ್‌ಗೆ ಹೋಗುವ ಉಮೇದಿನಲ್ಲಿ ಎಲ್ಲಕ್ಕಿಂತ ದೊಡ್ಡ ಬೈಕು ತೆಗೆದುಕೊಂಡು, ಎರಡೂ ಕಡೆ ಅಲ್ಯೂಮಿನಿಯಂ ಪೆಟ್ಟಿಗೆ ಕೂರಿಸಿದರು. ಸರ್ವಿಸಿಗೆ ಬಂದಾಗಲೆಲ್ಲ ನಾನು ಕುತೂಹಲದಿಂದ ಪೆಟ್ಟಿಗೆ ತೆಗೆದು ನೋಡುತ್ತಿದ್ದೆ. ಒಂದರಲ್ಲಿ ಟಿಫಿನ್ ಡಬ್ಬಿ, ಇನ್ನೊಂದರಲ್ಲಿ ಸಂಜೆಯ ತರಕಾರಿ. ಇನ್ನೊಬ್ಬ ಹುಡುಗನ ತಾಯಿ, ಸೀರೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಗೆ ಜಾಲರಿ ಹಾಕದ ಹೊರತು ಗಾಡಿ ಮನೆಗೆ ತರಕೂಡದೆಂದು ಹಟ ಹಿಡಿದರು. ಹುಡುಗ ನನ್ನ ಕಿವಿಯಲ್ಲಿ, ‘ಅಂಕಲ್, ಜಾಲಿ ನಿಕಾಲೋ, ಇಜ್ಜತ್ ಕಾ ಸವಾಲ್ ಹೈ’ ಎಂದ. ಜಾಲರಿ ತೆಗೆಯಿರಿ, ಮರ್ಯಾದೆಯ ಪ್ರಶ್ನೆ ಎಂದು. ತಾಯಿಯ ಎದುರು ಹಾಕಿಕೊಟ್ಟೆವು, ಮಗನ ಎದುರು ತೆಗೆದುಕೊಟ್ಟೆವು. ಮುಂದಿನ ವಾರ ತಾಯಿ ಬಂದು ಮತ್ತೆ ಹಾಕಿಸಿದರು.

ನಿಂಬೆಹಣ್ಣಿನದು ಬೇರೆಯೇ ಕಥೆ. ಹೊಸ ಗಾಡಿಯ ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಒಡೆಯುವುದು ನಮ್ಮಲ್ಲಿ ಪದ್ಧತಿ. ಆದರೆ ಈ ಗುಂಡಿಟೈರಿಗೆ ನಿಂಬೆ ಸಿಕ್ಕುತ್ತಿರಲಿಲ್ಲ, ಪುಟಕ್ಕನೆ ಪಕ್ಕಕ್ಕೆ ಹಾರುತ್ತಿತ್ತು. ಹಣ್ಣು ಇಡಿಯಾಗಿ ಉರುಳಿ ಹೋದದ್ದನ್ನು ಕಂಡು ಮನೆಯ ಹಿರಿಯರ ಮುಖ ಸಣ್ಣದಾಗುತ್ತಿತ್ತು. ಒಮ್ಮೆ ಒಬ್ಬ ಅಜ್ಜಿ ಗಾಡಿಯನ್ನೇ ಒಲ್ಲೆ ಎಂದು ಎದ್ದುನಿಂತರು. ಅಂದಿನಿಂದ ನಾನು ಹಣ್ಣನ್ನು ಮೊದಲೇ ಮೇಜಿನ ಮೇಲೆ ಚೆನ್ನಾಗಿ ಹೊರಳಿಸಿ ಮೆತ್ತಗೆ ಮಾಡಿ ಇಡುವುದನ್ನು ರೂಢಿಸಿಕೊಂಡೆ. ಡ್ಯುಯಲ್ ಸ್ಪೋರ್ಟ್ ಮಾರಾಟದಲ್ಲಿ ನಾನು ಸ್ವಂತವಾಗಿ ಕಂಡುಹಿಡಿದ ತಂತ್ರ ಇದು.

ಈಗ ನಮ್ಮ ಸೇಠ್‌ಜಿಯ ಬಗ್ಗೆ ಹೇಳಬೇಕು. ಶೋರೂಮಿನ ಮಾಲೀಕರು, ದೈವಭಕ್ತರು, ಬಿಳಿ ಅಮೃತಶಿಲೆಯ ಮೇಲೆ ಪ್ರಾಣ ಇಟ್ಟವರು. ನೆಲಕ್ಕೆಲ್ಲ ಅಮೃತಶಿಲೆ ಹಾಸಿಸಿ, ಒಳಗೆ ಹೊಕ್ಕೊಡನೆ ಕಾಣುವಂತೆ ಗಣಪತಿಯನ್ನು ಕೂರಿಸಿ, ಚಪ್ಪಲಿ ಬೂಟು ಹೊರಗೇ ಬಿಡಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ಗಿರಾಕಿಗಳೂ ಖುಷಿಯಿಂದಲೇ ಬಿಡುತ್ತಿದ್ದರು. ಬೇಸಿಗೆಯಲ್ಲಿ ಹೊರಗಿನ ಬಿಸಿಲಿಗೆ ಬೆಂದು ಬಂದವರಿಗೆ ಆ ತಣ್ಣನೆಯ ಕಲ್ಲು ಹಾಯೆನಿಸುತ್ತಿತ್ತು. ಇದರಲ್ಲಿ ಏನೋ ಎಡವಟ್ಟಿದೆ ಎಂದು ನಮಗಾರಿಗೂ ಹೊಳೆಯಲಿಲ್ಲ.

ನಮ್ಮ ಮ್ಯಾನೇಜರ್ ದೇಶ್ಕರ್ ಸಾಹೇಬರ ದೊಡ್ಡ ಚಿಂತೆ ಎಂದರೆ ಡ್ಯುಯಲ್ ಸ್ಪೋರ್ಟ್ ಹತ್ತಿ ಕೂತವರಲ್ಲಿ ಅರ್ಧ ಜನ ‘ಉಂಚೀ ಹೈ’, ಎತ್ತರವಾಯಿತು ಎಂದು ಇಳಿದುಬಿಡುವುದು. ಈ ವಿದರ್ಭ ಸೀಮೆಯ ಜನರ ಕಾಲೇ ಗಿಡ್ಡ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಅದಕ್ಕೆ ನಾವು ಸೀಟು ಕೊರೆಯುವ ಉಪಾಯ ಹೂಡಿದೆವು. ಸೀಟು ಹೊಲಿಯುವವನ ಹತ್ತಿರ ಒಳಗಿನ ಫೋಮು ಕೊರೆಸಿ ತಗ್ಗಿಸುವುದು. ಹೀಗೆ ಕೊರೆಸಿಕೊಂಡ ಒಬ್ಬ ಕಾಲೇಜು ಮೇಷ್ಟ್ರು ಬೆಟ್ಟದ ಊರಾದ ಪಚ್‌ಮಢಿಗೆ ಹೋದರು. ಬೆಟ್ಟಕ್ಕೆಂದು ದಪ್ಪ ಅಟ್ಟೆಯ ಬೂಟು ಹಾಕಿಕೊಂಡಿದ್ದರು. ಕೊರೆದ ಸೀಟು ಕೆಳಗೆ, ಬೂಟು ಕಾಲು ಮೇಲೆ, ಮೊಣಕಾಲು ಹೆಚ್ಚುಕಡಿಮೆ ಎದೆಗೆ. ಫೋಮಿಲ್ಲದ ಸೀಟಿನಲ್ಲಿ ಕೂರಲಾಗದೆ ವಾಪಸು ಬರುವಾಗ ಹೆಚ್ಚು ದಾರಿ ನಿಂತೇ ಓಡಿಸಿದರಂತೆ. ಶೋರೂಮಿಗೆ ಬಂದು ನನ್ನ ಮುಂದೆ ನಿಂತೇ ಜಗಳ ಮಾಡಿದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಇಷ್ಟಾದರೂ ನಮಗೆ ಬುದ್ಧಿ ಬರಲಿಲ್ಲ. ಬುದ್ಧಿ ಕಲಿಸಿದ್ದು ಸುಮಂಗಲಾ.

ನನ್ನ ನೌಕರಿಯ ಕೊನೆಯ ವರ್ಷ. ಒಂದು ಮಧ್ಯಾಹ್ನ ಗಿಡ್ಡನೆಯ ಹೆಣ್ಣುಮಗಳೊಬ್ಬಳು ಬಂದು, ಬೂಟು ಬಿಚ್ಚಿಟ್ಟು, ನನ್ನ ಹತ್ತಿರ ಮರಾಠಿಯಲ್ಲಿ ಎಲ್ಲ ವಿಚಾರಿಸಿ, ಡ್ಯುಯಲ್ ಸ್ಪೋರ್ಟ್ ಹತ್ತಿ ಕೂತಳು. ಒಂದು ಕಾಲಿನ ಹೆಬ್ಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ‘ಇಲ್ಲಬೇ ಯವ್ವಾ, ಗಾಡಿ ನೋಡಾಕ ಬಂದೀನಿ. ಹತ್ತಿ ಕುಂತೀನಿ, ಕಾಲ ನೆಲಕ್ಕ ಹತ್ತವಲ್ವು’ ಎಂದಳು.

‘ಯಾವೂರ್ರಿ ನಿಮ್ಮದು?’ ಎಂದೆ.

ಅವಳು ಫೋನು ಇಳಿಸಿ ನನ್ನನ್ನೇ ನೋಡಿದಳು. ‘ವಿಜಾಪುರರಿ. ನೀವು ಕನ್ನಡದವ್ರು? ಮತ್ತ ಇಷ್ಟೊತ್ತನಕ ಮರಾಠಿ ಯಾಕ ಮಾತಾಡಿದ್ರಿ ಕಾಕಾ?’

‘ನೀವೂ ಮಾತಾಡಿದ್ರಲ್ಲವಾ.’

ಆಮೇಲೆ ಅವಳು ಎಲ್ಲ ಬಿಚ್ಚಿ ಹೇಳಿದಳು. ಸದರ್‌ನ ಒಂದು ಬ್ಯಾಂಕಿನಲ್ಲಿ ಅಧಿಕಾರಿ, ಕರ್ನಾಟಕದಿಂದ ವರ್ಗವಾಗಿ ಬಂದವಳು. ಇಲ್ಲಿ ಬೈಕು ಓಡಿಸುವವರ ಒಂದು ಗುಂಪು ಸೇರಿದ್ದಳು. ಹಿಂದಿನ ವರ್ಷ ಗುಂಪು ಹಿಮದ ಬೆಟ್ಟಗಳ ಸ್ಪಿತಿ ಕಣಿವೆಗೆ ಹೋದಾಗ ಇವಳನ್ನು ಸಾಮಾನಿನ ಕಾರಿನಲ್ಲಿ ಕೂರಿಸಿದ್ದರಂತೆ. ಕಾರಿನ ಹಿಂದೆಲ್ಲ ಡೇರೆ, ಪೆಟ್ರೋಲ್ ಡಬ್ಬಿ, ಟೈರು, ಗ್ಯಾಸ್ ಒಲೆ. ಡ್ರೈವರನ ಪಕ್ಕದ ಒಂದೇ ಸೀಟು ಖಾಲಿ. ಅದು ಇವಳ ಪಾಲಿಗೆ.

‘ನಾ ಸ್ಪಿತಿ ನೋಡಿಲ್ರಿ ಕಾಕಾ’ ಎಂದಳು. ‘ಸ್ಪಿತಿಗೆ ಹೋಗೋ ಗಂಡಸರ ಬೆನ್ನು ನೋಡೀನಿ. ಅವ್ರು ನಿಂತಲ್ಲೆಲ್ಲ ಚಹಾ ಕಾಸೀನಿ. ಈ ವರ್ಷ ಆ ಸೀಟಿನಾಗ ನಾ ಕುಂಡ್ರಂಗಿಲ್ಲ.’

ಆದರೆ ಗುಂಪಿನ ಮುಖಂಡ ಪ್ರವೀಣ್ ಭಾವೂ ಒಂದು ಕಟ್ಟಳೆ ಹಾಕಿದ್ದರು. ಸ್ಪಿತಿಗೆ ಮುಂಚೆ ಚಿಖಲ್ದರಾ ಘಾಟಿಗೆ ಪರೀಕ್ಷೆಯ ಸವಾರಿ. ಅಲ್ಲಿ ಹೊಸಬರಲ್ಲಿ ಯಾರು ಗಾಡಿ ಕೆಡವುತ್ತಾರೋ ಅವರು ಅಲ್ಲಿಂದಲೇ ಕಾರಿಗೆ, ಸ್ಪಿತಿಗೂ ಕಾರಿನಲ್ಲೇ. ಸವಾರಿಗೆ ಆ ವರ್ಷ ಹೊಸಬರೆಂದರೆ ಇವಳೊಬ್ಬಳೇ.

ದೇಶ್ಕರ್ ಸಾಹೇಬರು ನಡುವೆ ಬಂದು, ‘ಮ್ಯಾಡಮ್, ತುಮ್ಚ್ಯಾಸಾಠೀ ಸ್ಕೂಟರ್ ಬೆಸ್ಟ್’, ನಿಮಗೆ ಸ್ಕೂಟರೇ ಸರಿ ಎಂದು ಮೂಲೆಯ ಗುಲಾಬಿ ಸ್ಕೂಟರು ತೋರಿಸಿದರು. ಸುಮಂಗಲಾಳ ಮುಖ ಕೆಂಪಾಯಿತು. ನಾನು ಅಭ್ಯಾಸಬಲದಿಂದ, ‘ಸೀಟು ಕೊರೆಸಿದರ ಬರೋಬರ್ ಆಗ್ತದವಾ’ ಎಂದೆ.

ಅವಳು ತನ್ನ ಬರಿಗಾಲು ನೋಡಿಕೊಂಡಳು. ಬಾಗಿಲಾಚೆ ಬಿಟ್ಟ ಬೂಟು ನೋಡಿದಳು. ನನ್ನ ಬರಿಗಾಲು ನೋಡಿದಳು. ‘ಕಾಕಾ, ನಾ ಗುಡ್ಡಕ್ಕ ಬರಿಗಾಲಲೇ ಹೊಂಟೀನೇನ್ರಿ?’ ಎಂದಳು.

ನಾನೂ ಆಗಲೇ ಬಾಗಿಲಾಚೆಯ ಬೂಟಿನ ಸಾಲು ನೋಡಿದೆ. ಅಷ್ಟು ವರ್ಷ ನಾವು ಹಿಮ, ಕಲ್ಲು, ಕೆಸರು ಎಂದು ಹೇಳಿ ಹೇಳಿ ಜನರನ್ನು ದೇವಸ್ಥಾನಕ್ಕೆ ಬಂದವರಂತೆ ಬರಿಗಾಲಿನಲ್ಲಿ ಹತ್ತಿಸಿ ಎತ್ತರ ಅಳೆದಿದ್ದೆವು. ನುಣ್ಣನೆಯ ಅಮೃತಶಿಲೆಯ ಮೇಲೆ ಕಾಲು ಜಾರುತ್ತಿದ್ದುದು ಬೇರೆ. ದಪ್ಪ ಅಟ್ಟೆಯ ಬೂಟು ಹಾಕಿದ್ದರೆ ಗಾಡಿ ಸರಿಹೋಗುತ್ತಿದ್ದ ಗಿರಾಕಿಗಳನ್ನು ಎತ್ತರವಾಯಿತೆಂದು ವಾಪಸು ಕಳಿಸಿದ್ದೆವು, ಇಲ್ಲವೇ ಸೀಟು ಕೊರೆಸಿ ಮೇಷ್ಟ್ರನ್ನು ನಿಲ್ಲಿಸಿದ್ದೆವು. ವಿದರ್ಭದ ಕಾಲುಗಳು ಸುಮ್ಮನೆ ಅಪವಾದ ಹೊತ್ತಿದ್ದವು. ನನಗೆ ನಗು ಬಂತು, ನಾಚಿಕೆಯೂ ಆಯಿತು. ದೇಶ್ಕರ್ ಸಾಹೇಬರಿಗೆ ಎರಡೂ ಆಗಲಿಲ್ಲ. ‘ಸೇಠ್‌ಜೀ ಮಾನ್ಣಾರ್ ನಾಹೀತ್’ ಎಂದರು. ಸೇಠ್‌ಜಿ ಒಳಗೆ ಬೂಟು ಹಾಕಲು ಒಪ್ಪುವುದಿಲ್ಲವಂತೆ.

ಒಪ್ಪದಿದ್ದರೆ ಬೇಡ ಎಂದು ನಾನು ಎರಡು ಗಾಡಿಗಳನ್ನು ಫುಟ್‌ಪಾತಿಗೆ ಇಳಿಸಿದೆ. ಒಂದು ದೊಡ್ಡದು, ಬುಟಿಬೋರಿಯವರು ಕೊಂಡಂಥದು. ಇನ್ನೊಂದು ಸಣ್ಣ ಇಂಜಿನ್ನಿನದು, ಹಗುರ, ಯಾರೂ ಕೇಳದೆ ಧೂಳು ತಿನ್ನುತ್ತಿದ್ದದ್ದು. ಸುಮಂಗಲಾ ಬೂಟು ಹಾಕಿಕೊಂಡು ಸಣ್ಣದನ್ನು ಹತ್ತಿದಳು. ಅವಳ ಭಾರಕ್ಕೆ ಸಸ್ಪೆನ್ಷನ್ ತುಸು ಕುಸಿಯಿತು, ಎರಡೂ ಬೂಟಿನ ಮುಂಭಾಗ ನೆಲಕ್ಕೆ ಗಟ್ಟಿಯಾಗಿ ತಾಗಿತು. ಇಷ್ಟಕ್ಕೇ ನಾನು ಗೆದ್ದೆ ಎಂದುಕೊಂಡೆ. ಅವಳು ಅಷ್ಟಕ್ಕೆ ಬಿಡುವವಳಲ್ಲ.

‘ಈಗ ಕೆಡವ್ರಿ’ ಎಂದಳು.

‘ಏನು?’

‘ಗಾಡಿ ಕೆಡವ್ರಿ ಕಾಕಾ. ಗುಡ್ಡದಾಗ ಬೀಳದ ಗಾಡಿ ಇಲ್ರಿ. ಬಿದ್ದದ್ದು ನನ್ನ ಕೈಲೆ ಏಳತೈತೋ ಇಲ್ಲೋ ನೋಡಬೇಕು.’

ಹೊಸ ಗಾಡಿಯನ್ನು ಬೇಕೆಂದೇ ಕೆಡವಲು ಯಾವ ಶೋರೂಮಿನಲ್ಲೂ ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ. ಅದೂ ಪೂಜೆಯಾಗಿ ಕುಂಕುಮ ಹಚ್ಚಿಸಿಕೊಂಡ ಗಾಡಿ. ಆದರೆ ಕೇಳಿದ್ದು ನ್ಯಾಯವಾಗಿತ್ತು. ಗೋಣಿಚೀಲ ಹಾಸಿ, ಮೊದಲು ದೊಡ್ಡದನ್ನು ನಾನೂ ಅವಳೂ ಹಿಡಿದು ಮೆಲ್ಲಗೆ ಮಲಗಿಸಿದೆವು. ಅವಳು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಸೊಂಟದಿಂದಲ್ಲ, ಕಾಲಿನಿಂದ ಹಿಂದಕ್ಕೆ ಒತ್ತುತ್ತ ಏಳುವುದು. ಅಡ್ವೆಂಚರ್ ಅಡ್ವೈಸರ್ ಆದ ನಾನು ಇದನ್ನು ಅಂದೇ ಮೊದಲು ನೋಡಿದ್ದು.

ದೊಡ್ಡದು ಜಪ್ಪಯ್ಯ ಎಂದರೂ ಏಳಲಿಲ್ಲ. ದೇಶ್ಕರ್ ಸಾಹೇಬರು, ಬೆಟ್ಟದಲ್ಲಿ ಎತ್ತಲು ಜನ ಸಿಗುತ್ತಾರೆ ಬಿಡಿ ಎಂದರು. ‘ಅದಕ್ಕs ಇದು ಬ್ಯಾಡ’ ಎಂದಳು ಸುಮಂಗಲಾ, ನನಗೆ ಮಾತ್ರ ಕೇಳುವಂತೆ.

ಸಣ್ಣದನ್ನು ಮಲಗಿಸುವ ಹೊತ್ತಿಗೆ ಸೇಠ್‌ಜಿಯ ಕಾರು ಬಂದು ನಿಂತಿತು. ಅವರು ಇಳಿದು ನೋಡುತ್ತಾರೆ, ತಮ್ಮ ಕುಂಕುಮದ ಗಾಡಿಗಳು ಎರಡು ಫುಟ್‌ಪಾತಿನ ಮೇಲೆ ಮಲಗಿವೆ, ಒಂದರ ಮೇಲೆ ಬೆನ್ನು ಆನಿಸಿ ಒಬ್ಬ ಬ್ಯಾಂಕ್ ಅಧಿಕಾರಿ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದಾಳೆ. ‘ಅರೇ ರಾಮ್! ಆಕ್ಸಿಡೆಂಟ್?’ ಎಂದು ಎದೆ ಹಿಡಿದುಕೊಂಡರು. ಯಾರಾದರೂ ಉತ್ತರ ಕೊಡುವ ಮೊದಲೇ ಸುಮಂಗಲಾ ಹಲ್ಲು ಕಚ್ಚಿ ಒತ್ತಿದಳು, ಗಾಡಿ ಅರ್ಧ ಎದ್ದು, ತಡವರಿಸಿ, ನಿಂತಿತು. ಸೇಠ್‌ಜಿ ಬಾಯಿ ತೆರೆದು, ‘ಉಠ್ ಗಯೀ’, ಎದ್ದೇಬಿಟ್ಟಿತು ಎಂದರು. ಆಮೇಲೆ ವ್ಯಾಪಾರಿ ಎಚ್ಚೆತ್ತು, ಬಿದ್ದ ಗಾಡಿಯನ್ನು ಇನ್ನೊಬ್ಬರಿಗೆ ಹೊಸದೆಂದು ಮಾರಲು ತಮ್ಮ ಗಣಪತಿ ಒಪ್ಪುವುದಿಲ್ಲ, ಇದನ್ನು ಇವರೇ ಒಯ್ಯಬೇಕು ಎಂದು ಹಟ ಹಿಡಿದರು. ‘ನನಗs ಬೇಕಾಗಿತ್ತಲ್ರಿ’ ಎಂದು ಅವಳು ನಕ್ಕಳು. ಎರಡು ತೆಂಗಿನಕಾಯಿ ಒಡೆಸಿ ಸೇಠ್‌ಜಿ ಒಳಗೆ ಹೋದರು.

ಮುಂದಿನ ಕೆಲವು ಭಾನುವಾರ ಬೆಳಿಗ್ಗೆ ನಾನು ಅವಳನ್ನು ಸೆಮಿನರಿ ಹಿಲ್ಸ್ ಏರಿನಲ್ಲಿ ನಿಲ್ಲಿಸಿ, ಅರ್ಧದಲ್ಲಿ ಬ್ರೇಕು ಹಿಡಿದು, ಮತ್ತೆ ಹಿಂದಕ್ಕೆ ಜಾರದೆ ಹೊರಡುವುದನ್ನು ಮಾಡಿಸಿದೆ. ವಾಕಿಂಗಿಗೆ ಬಂದ ಹಿರಿಯರು ಸುತ್ತ ನಿಂತು ಪುಕ್ಕಟೆ ಸಲಹೆ ಕೊಟ್ಟರು. ಅವರ ಪೈಕಿ ಅಡ್ವೈಸರ್ ಯಾರೆಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ಚಿಖಲ್ದರಾ ಸವಾರಿಯ ದಿನ ಬಂತು. ಗುಂಪಿನ ಹಲವರು ನಮ್ಮ ಶೋರೂಮಿನ ಗಿರಾಕಿಗಳೇ. ಜೊತೆಗೆ ನಮ್ಮ ಪಹಾಡಿ ತಜ್ಞರೊಬ್ಬರು ಬರುತ್ತಾರೆ ಎಂದು ದೇಶ್ಕರ್ ಸಾಹೇಬರು ಮಾತು ಕೊಟ್ಟಿದ್ದರು. ಅವರಿಗೆ ಆ ದಿನ ಸರಿಯಾಗಿ ಹಲ್ಲುನೋವು ಬಂದು, ತಜ್ಞನಾಗುವ ಸರದಿ ನನ್ನದಾಯಿತು. ಸ್ಪಿತಿಯ ರಿಹರ್ಸಲ್ ಎಂದು ಕಾರಿನಲ್ಲಿ ಡೇರೆ, ಡಬ್ಬಿ, ಒಲೆ ಎಲ್ಲ ತುಂಬಿದ್ದರು. ಖಾಲಿ ಇದ್ದದ್ದು ಡ್ರೈವರನ ಪಕ್ಕದ ಆ ಒಂದೇ ಸೀಟು. ನಾನು ಅದರಲ್ಲಿ ಕೂತೆ. ಸುಮಂಗಲಾ ಹೆಲ್ಮೆಟ್ಟಿನೊಳಗಿಂದ ನನ್ನನ್ನು ನೋಡಿ, ‘ಗಟ್ಟಿ ಕುಂಡ್ರ್ರಿ ಕಾಕಾ’ ಎಂದಳು.

ಬೆಟ್ಟದ ಬುಡದ ಪರತವಾಡಾ ಊರು ದಾಟಿ ಘಾಟಿ ಶುರುವಾಯಿತು. ಜೀವಮಾನವೆಲ್ಲ ನಾನು ಹೊಗಳಿ ಮಾರಿದ ಆ ತಿರುವುಗಳು ಒಂದಾದ ಮೇಲೊಂದು ಬಂದವು. ಮೂರನೆಯ ತಿರುವಿಗೆ ನನಗೆ ವಾಂತಿ ಶುರುವಾಯಿತು. ಆಮೇಲಿನ ತಿರುವುಗಳನ್ನು ನಾನು ನೋಡಲಿಲ್ಲ, ಪ್ಲಾಸ್ಟಿಕ್ ಚೀಲದೊಳಗೆ ಮುಖ ಇಟ್ಟಿದ್ದೆ. ಡ್ರೈವರ್ ಬಹಳ ಮರ್ಯಾದೆಯಿಂದ, ‘ಸರ್, ಪೆಹಲೀ ಬಾರ್?’, ಮೊದಲ ಸಲವೇ ಎಂದ. ನಾನು ಚೀಲದೊಳಗಿಂದಲೇ, ‘ರಸ್ತಾ ಬಹುತ್ ಖರಾಬ್ ಹೈ’ ಎಂದೆ. ರಸ್ತೆ ಚೆನ್ನಾಗಿಯೇ ಇತ್ತು. ಅಷ್ಟು ವರ್ಷಗಳಲ್ಲಿ ಆ ಮಾತು ಸುಳ್ಳಾದದ್ದು ಅಂದೇ ಮೊದಲು.

ಒಂದು ಕಡಿದಾದ ತಿರುವಿನಲ್ಲಿ ಕಾರು ನಿಂತಾಗ ತಲೆ ಎತ್ತಿ ನೋಡಿದೆ. ಮಂಜು ಇಳಿದಿತ್ತು. ಮೇಲಿನಿಂದ ಸರಕಾರಿ ಎಸ್‌ಟಿ ಬಸ್ಸು ಹಾರ್ನ್ ಹೊಡೆಯುತ್ತ ತಿರುವಿಗೆ ಬರುತ್ತಿತ್ತು. ನಮ್ಮ ಮುಂದೆಯೇ ಇದ್ದ ಸುಮಂಗಲಾ ಬಸ್ಸಿಗೆ ಜಾಗ ಬಿಡಲು ಅಂಚಿಗೆ ಸರಿದು ನಿಂತಳು. ಇಳಿಜಾರಿನ ಬದಿಗೆ ಕಾಲು ಚಾಚಿದಳು. ಅಲ್ಲಿ ನೆಲ ತಗ್ಗಿನಲ್ಲಿತ್ತು. ಕಾಲಿಗೆ ಏನೂ ಸಿಗಲಿಲ್ಲ. ಗಾಡಿ ವಾಲಿತು, ಅವಳು ಪಕ್ಕಕ್ಕೆ ಜಿಗಿದಳು, ಗಾಡಿ ಮಲಗಿತು. ಎಂಥ ಬೂಟೂ ಎಂಥ ಸೀಟೂ ಅಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಅವಳ ಸ್ಪಿತಿ ಮುಗಿಯಿತು ಎಂದುಕೊಂಡೆ.

ಮುಂದೆ ಹೋಗಿದ್ದವರು ಗಾಡಿ ನಿಲ್ಲಿಸಿ ಓಡಿ ಬಂದರು. ಸುಮಂಗಲಾ ಕೈ ಅಡ್ಡ ಹಿಡಿದು, ‘ಕೋಣೀ ಹಾತ್ ಲಾವೂ ನಕಾ!’ ಎಂದು ಕೂಗಿದಳು. ಯಾರೂ ಮುಟ್ಟಬೇಡಿ ಎಂದು. ಗಂಡಸರು ನಿಂತರು, ಬಸ್ಸೂ ನಿಂತಿತು. ಕಿಟಕಿಗಳಿಂದ ತಲೆಗಳು ಹೊರಗೆ ಬಂದವು. ಅವಳು ಗಾಡಿಗೆ ಬೆನ್ನು ಕೊಟ್ಟು ಕೂತಳು. ಮೊದಲ ಸಲ ಏಳಲಿಲ್ಲ. ಎರಡನೆಯ ಸಲ ಬೂಟು ಜಾರಿತು. ನಾನು ಚೀಲ ಹಿಡಿದುಕೊಂಡೇ ‘ಸೊಂಟದಲೇ ಬ್ಯಾಡ, ಕಾಲಲೇ’ ಎಂದು ಗೊಣಗುತ್ತಿದ್ದೆ. ಮೂರನೆಯ ಸಲ ಗಾಡಿ ಎದ್ದಿತು. ಅವಳು ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು, ಯಾರ ಮುಖವನ್ನೂ ನೋಡದೆ ರಸ್ತೆ ನೋಡುತ್ತ ನಿಂತಳು. ಕಣ್ಣಲ್ಲಿ ನೀರಿತ್ತು. ಬಿದ್ದದ್ದಂತೂ ಬಿದ್ದದ್ದೇ, ಕಟ್ಟಳೆ ಕಟ್ಟಳೆಯೇ.

ಎಲ್ಲರೂ ಪ್ರವೀಣ್ ಭಾವೂ ಕಡೆ ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ, ಆದರೆ ಹಾಕಿದ ಕಟ್ಟಳೆಯನ್ನು ಎಲ್ಲರ ಮುಂದೆ ನುಂಗುವುದು ಯಾವ ಮುಖಂಡನಿಗೂ ಕಷ್ಟ. ಗಡ್ಡ ತುರಿಸಿಕೊಂಡರು. ಎದ್ದು ನಿಂತ ಗಾಡಿ ನೋಡಿದರು. ಬಳಿಕ ಕಾರಿನ ಹತ್ತಿರ ಬಂದು ಬಗ್ಗಿ ಒಳಗೆ ನೋಡಿದರು. ಹಿಂದೆ ಸೂರಿನವರೆಗೆ ಸಾಮಾನು. ಮುಂದಿನ ಸೀಟಿನಲ್ಲಿ ಬಿಳಿಚಿದ ಮುಖದ ಪಹಾಡಿ ತಜ್ಞ, ಮಡಿಲಲ್ಲಿ ಚೀಲ. ನಾನು ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಇಳಿಯಲು ಬಂದಿದ್ದರೂ ಇಳಿಯುತ್ತಿರಲಿಲ್ಲ ಎಂದು ಈಗ ಹೇಳಬಲ್ಲೆ. ಬಾಗಿಲಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಅವರು ನೆಟ್ಟಗಾದರು. ಎಲ್ಲರಿಗೂ ಕೇಳುವಂತೆ, ‘ಗಾಡೀತ್ ಜಾಗಾ ನಾಹೀ. ಚಲಾ, ಜಲ್ದಿ!’ ಎಂದರು.

ಕಾರಿನಲ್ಲಿ ಜಾಗವಿಲ್ಲ. ಸುಮಂಗಲಾ ಒಂದು ಕ್ಷಣ ಅರ್ಥವಾಗದೆ ನಿಂತು, ಆಮೇಲೆ ನನ್ನ ಕಡೆ ನೋಡಿ, ಹೆಲ್ಮೆಟ್ ಹಾಕಿಕೊಂಡು ಗಾಡಿ ಹತ್ತಿದಳು. ಏರಿನಲ್ಲಿ ಒಂದು ಇಂಚೂ ಹಿಂದಕ್ಕೆ ಜಾರದೆ ಹೊರಟಳು.

ಕೆಲಸಕ್ಕೆ ಹೊಸದಾಗಿ ಸೇರಿದವರೇ, ಅನುಭವದ ಮಾತು ಕೇಳಿದಿರಲ್ಲ. ಗಿರಾಕಿಗೆ ಬೂಟು ಹಾಕಿಸಿ, ಗಾಡಿ ಮಲಗಿಸಿ ಎತ್ತಿಸಿ, ಎತ್ತಲಾಗದ್ದನ್ನು ಮಾರಬೇಡಿ. ಉಳಿದದ್ದೆಲ್ಲ ಬಣ್ಣ. ಸೇಠ್‌ಜಿ ಈಗ ಗಣಪತಿಯಿಂದ ದೂರದ ಮೂಲೆಯಲ್ಲಿ ಒಂದು ರಬ್ಬರ್ ಚಾಪೆ ಹಾಸಿ, ಅದರ ಮೇಲೆ ಮಾತ್ರ ಬೂಟಿಗೆ ಅಪ್ಪಣೆ ಕೊಟ್ಟಿದ್ದಾರೆ. ಗಿರಾಕಿಗಳು ಬೂಟನ್ನು ಬಾಗಿಲಲ್ಲಿ ಬಿಚ್ಚಿ, ಕೈಯಲ್ಲಿ ಹಿಡಿದು ಅಮೃತಶಿಲೆ ದಾಟಿ, ಚಾಪೆಯ ಮೇಲೆ ಮತ್ತೆ ಹಾಕಿಕೊಳ್ಳುತ್ತಾರೆ.

ಸ್ಪಿತಿಗೆ ಹೊರಡುವ ಹಿಂದಿನ ವಾರ ಸುಮಂಗಲಾ ಫೋನು ಮಾಡಿದಳು. ನಾನು ಅಷ್ಟೊತ್ತಿಗೆ ನಿವೃತ್ತನಾಗಿದ್ದೆ, ವಿಸಿಟಿಂಗ್ ಕಾರ್ಡು ಮೊಮ್ಮಗಳ ಆಟಕ್ಕೆ ಹೋಗಿತ್ತು.

‘ಕಾಕಾ, ನೀವೂ ನಡೀರಿ’ ಎಂದಳು.

‘ನಾ ಬಂದು ಏನ್ ಮಾಡ್ಲಿವಾ? ನನಗ ಒಂದು ತಿರುವೂ ತಡಿಯಂಗಿಲ್ಲ.’

‘ಏನೂ ಮಾಡಬ್ಯಾಡ್ರಿ. ಆ ಸೀಟಿನಾಗ ಕುಂಡ್ರ್ರಿ, ಸಾಕು.’

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು, ವಾಂತಿ ನಿಲ್ಲುವ ಮಾತ್ರೆ ತರಲು ಔಷಧಿ ಅಂಗಡಿಗೆ ಹೊರಟೆ.